ಕರೆಂಟಿಲ್ಲದ ಹಾಡಿಗೆ ನಾನು ತಂದ ಕ್ಯಾಮೆರಾ

ಮಳೆಗಾಲ ಪೂರ್ತಿ ಅಕ್ಕನ ಕಾಲ್ಬೆರಳ ಸಂದುಗಳು ಬೆಳ್ಳಗೆ ನೆನೆದು ಸುಲಿದಿರುತ್ತಿದ್ದವು. ಅವಳು ನರ್ಸು. ಅಂತರಸಂತೆಯಾಚೆ ಕಾಡಂಚಿನ ಗಿರಿಜನರ ಹಾಡಿಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಸೀರೆ ಎತ್ತಿ ಕಟ್ಟಿ, ಮದ್ದಿನ ಚೀಲ ತಲೆ ಮೇಲಿಟ್ಟುಕೊಂಡು ದಾಟುತ್ತಿದ್ದಳು. ಹಾಡಿಯ ಬಸುರಿಯರನ್ನು ಕಂಬಳಿಯಲ್ಲಿ ಹೊತ್ತು ತರುತ್ತಿದ್ದರು. ಅಲ್ಲೊಂದು ಕಾಲುಸೇತುವೆ ಬೇಕೆಂದು ಅವಳು ಅರ್ಜಿ ಬರೆಯುತ್ತಲೇ ಇದ್ದಳು.

ಅದನ್ನು ನೋಡಬೇಕಾದ ಅಧಿಕಾರಿ ಒಂದು ಸಲವೂ ಜೀಪು ಹತ್ತಿ ಬರಲಿಲ್ಲ. “ಏನಮ್ಮಾ ನಿಂದು ಯಾವಾಗ್ಲೂ? ಪುರಾವೆ ತಗೊಂಬಾ” ಅಂದ. ಜನ ನೀರಲ್ಲಿ ಮುಳುಗೇಳುವುದಕ್ಕೂ ಪುರಾವೆ! ಅಕ್ಕ ಮಾತ್ರ “ವೀಡಿಯೋನೇ ತೋರಿಸ್ತೀನಿ ಬುಡಿ ಸಾ” ಎಂದು ಬಂದಳು.

ಕ್ಯಾಮೆರಾ ತರಲು ನನ್ನನ್ನು ಮೈಸೂರಿಗೆ ಕಳಿಸಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆನೆಂದು ಅವಳಿಗೆ ನನ್ನ ಮೇಲೆ ನಂಬಿಕೆ. “ಅಂದ ಚೆಂದ ನೋಡ್ಬ್ಯಾಡ ಕಣ್ಲಾ. ತೂಕ ಇದ್ರೂ ಒತ್ಕತೀನಿ. ನೀರು ಸಿಡಿದ್ರೆ ತಡೀಬೇಕು. ಆಡೀಲಿ ಕರೆಂಟಿಲ್ಲ, ಎರಡು ಬ್ಯಾಟರಿ ಇರ್ಬೇಕು, ಜೀಪಲ್ಲೂ ಚಾರ್ಜ್ ಆಗ್ಬೇಕು.”

ಅಂಗಡಿಯವನು ಅಂಥದ್ದನ್ನೇ ತೆಗೆದಿಟ್ಟ. ಕರಿ ಇಟ್ಟಿಗೆಯಂತಿತ್ತು. ಪಕ್ಕದಲ್ಲಿ ಬೆಳ್ಳಿ ಬಣ್ಣದ ಪುಟ್ಟದೊಂದು, ಕಿಟಕಿಯಂತೆ ತೆರೆಯುವ ಪರದೆ. “ಕಾಡು ಮೇಡಿಗೆ ಇದು ಬೇಡ, ಪರದೆ ಬ್ಯಾಟರಿ ತಿನ್ನುತ್ತೆ” ಎಂದು ಅವನೇ ಹೇಳಿದ. ಗೆಳೆಯರ ಮದುವೆಗಳಲ್ಲಿ ಅಂಥದ್ದನ್ನು ಹಿಡಿದು ಓಡಾಡುವ ಆಸೆ ನನಗೆ. ಅದನ್ನೇ ತಂದೆ. ಇದ್ದದ್ದು ಒಂದೇ ಬ್ಯಾಟರಿ. “ನಾಕು ದಿನ ಬತ್ತದಂತೆ ಕಣಕ್ಕ” ಎಂದು ಸುಳ್ಳೂ ಹೇಳಿದೆ.

ನಂಬಿಕೊಂಡು ಹೋದಳು. ಹಾಡಿಯಲ್ಲಿ ಎಲ್ಲರಿಗೂ ಪರದೆಯಲ್ಲಿ ತಮ್ಮ ಮುಖ ನೋಡುವ ಆಸೆ. ಬೇಡ ಅನ್ನುವ ಜೀವವಲ್ಲ ಅವಳದು. ಮಾರನೇ ದಿನ ಹಳ್ಳ ತುಂಬಿತು. ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಎಂಟು ಜನ ಹೊತ್ತು ದಾಟಿಸಿದರು. ಕ್ಯಾಮೆರಾ ಆಗಲೇ ಸತ್ತಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಅಕ್ಕ ಖಾಲಿ ಕೈಯಲ್ಲಿ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. “ಕ್ಯಾಮೆರಾಗೂ ಸುಸ್ತಾಯ್ತೇನಮ್ಮಾ?” ಎಂದು ಅಧಿಕಾರಿ ನಕ್ಕ.

“ತಪ್ಪು ನಂದೇ ಸಾ. ಚಾರ್ಜ್ ನೋಡ್ಕಳದೆ ಓದೆ” ಎಂದಳು ಅಕ್ಕ.

ನಾನು ಬಾಯಿ ಬಿಡಲಿಲ್ಲ. ಆಚೆ ಬಂದ ಮೇಲೆ “ಏನಾರ ತಿಂದ್ಯಾ?” ಎಂದಷ್ಟೇ ಕೇಳಿದಳು. ಅವನ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ; ನನ್ನ ಮೌನ ನೆನೆದರೆ ಇನ್ನೂ ಹೆಚ್ಚು.

ಮೂರು ವರ್ಷಕ್ಕೆ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ಸುದ್ದಿ ಮುಟ್ಟಿಸಲು ಹಾಡಿಗೆ ಹೊರಟೆ. ಹಳ್ಳ ಎದೆಮಟ್ಟ ಹರಿಯುತ್ತಿತ್ತು. ಅಧಿಕಾರಿ ಬಂದು ನೋಡಲಿಲ್ಲವೆಂದು ಊರೆಲ್ಲ ಬೈದುಕೊಂಡು ತಿರುಗಿದವನು ನಾನು. ಆ ನೀರಿಗೆ ನಾನು ಕಾಲಿಟ್ಟದ್ದೂ ಅವತ್ತೇ ಮೊದಲು.