ಫ್ಲಾಪಿಗಳ ಅಂಗಿ ಬಿಚ್ಚುವ ಟೈಲರಕ್ಕ

ಬೆಳಗಿನ ಆರು ಗಂಟೆ. ಕಲಾ ಕಾಲೇಜಿನ ನಾಟಕ ವಿಭಾಗದ ವೇಷಭೂಷಣದ ಕೋಣೆಯಲ್ಲಿ ಟೈಲರಕ್ಕ ಬ್ಲೇಡು ಹಿಡಿದು ಕೂತಿದ್ದಾರೆ. ಎದುರಿಗೆ ಅಂಗೈಯಗಲದ ಕಪ್ಪು ಚೌಕ, ಹಳೆಯ ಕಾಲದ ಕಂಪ್ಯೂಟರಿನ ಫ್ಲಾಪಿ. ಅದರ ಒಂದು ಅಂಚನ್ನು ಸೀಳಿ, ಒಳಗಿನ ತೆಳ್ಳನೆಯ ಕಂದು ಬಿಲ್ಲೆಯನ್ನು ಎರಡೇ ಬೆರಳಲ್ಲಿ ಈಚೆಗೆಳೆಯುತ್ತಾರೆ. ಮೇಲೆಲ್ಲ ಬೂಷ್ಟು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಬೆರೆಸಿ, ಎಳೆಗೂಸಿಗೆ ಸ್ನಾನ ಮಾಡಿಸುವ ಹಾಗೆ ತೊಳೆಯುತ್ತಾರೆ. "ಬೀದಿ ಧೂಳು ಏಳೋದ್ರೊಳಗೆ ಮುಗೀಬೇಕು. ಒಂದು ಕಣ ಕೂತ್ರೂ ಕೆಟ್ಟಿತು," ಎನ್ನುತ್ತಾರೆ. ಈ ಕೆಲಸ ನೋಡಲು ಬಂದಿರುವ ನಾನು ಬರುತ್ತಿದ್ದ ಸೀನನ್ನು ಹೇಗೋ ತಡೆದುಕೊಳ್ಳುತ್ತೇನೆ.

ಐವತ್ತೊಂಬತ್ತರ ಈ ಅಕ್ಕ ಓದಿದ್ದು ಏಳನೇ ಕ್ಲಾಸು. ನಾಟಕದ ರಾಜರಿಗೂ ಭಿಕ್ಷುಕರಿಗೂ ಬಟ್ಟೆ ಹೊಲಿಯುವುದು ಕಸುಬು. ಮೂವತ್ತೈದು ವರ್ಷದ ಹಿಂದೆ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ, ಕಿಟಕಿಗೆ ಜಾಲರಿ, ಬಾಗಿಲಿಗೆ ಗಟ್ಟಿ ಬೀಗ ಇದ್ದದ್ದು ಈ ಕೋಣೆಗೆ ಮಾತ್ರ. ಹಾಗಾಗಿ ಅದನ್ನು ತಂದು ಇವರ ಹೊಲಿಗೆ ಯಂತ್ರದ ಪಕ್ಕ ಕೂರಿಸಿದರು. "ವಿಜ್ಞಾನದವರ ಗೊಡವೆ ನಮಗ್ಯಾಕೆ ಅಂತ ಇತಿಹಾಸದ ಮೇಷ್ಟ್ರು ಒಳಗೇ ಬರ್ಲಿಲ್ಲ. ಸಂಗೀತದ ಮೇಷ್ಟ್ರು ದಿನಾ ಬಂದು ದೂರದಿಂದ್ಲೇ ನೋಡ್ಕೊಂಡು ಹೋಗೋರು. ಹತ್ರ ಹೋದ್ರೆ ಪರದೆ ಮೇಲಿನ ಅಕ್ಷರ ಅಳಿಸಿಹೋಗುತ್ತೆ ಅನ್ನೋ ಭಯ!" ಮಂತ್ರಿ ಪಾತ್ರದ ಹಳೆಯ ಮಖಮಲ್ ನಿಲುವಂಗಿಯನ್ನು ಕತ್ತರಿಸಿ ಕಂಪ್ಯೂಟರಿಗೆ ಹೊದಿಕೆ ಹೊಲಿದುಕೊಟ್ಟವರು ಅಕ್ಕನೇ.

ಧೈರ್ಯ ಮಾಡಿ ಅದರ ಮುಂದೆ ಕೂತವರು ಸಮಾಜಶಾಸ್ತ್ರದ ಮೇಡಂ ಒಬ್ಬರೇ. ಮನೆಗೆಲಸಕ್ಕೆ ಹೋಗುವ ಮುನ್ನೂರ ಹನ್ನೆರಡು ಹೆಂಗಸರನ್ನು ಮಾತಾಡಿಸಿ, ಅವರು ಆಡಿದ್ದನ್ನು ಆಡಿದ ಹಾಗೇ ಅರವತ್ತನಾಲ್ಕು ಫ್ಲಾಪಿಗೆ ಇಳಿಸಿದರು. ಆ ಯಂತ್ರಕ್ಕೆ ನಮ್ಮ ಅಕ್ಷರ ಬಾರದು. ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರು. ಮೊದಲು ಬರೆದುಕೊಂಡಿದ್ದ ಕಾಗದಗಳನ್ನು ಗೋಡೆಗೆ ಬಣ್ಣ ಬಳಿಯಲು ಬಂದವರು ರದ್ದಿಗೆ ಹಾಕಿಬಿಟ್ಟರು. ಫ್ಲಾಪಿಗಳಾದರೂ ಉಳಿಯಲೆಂದು ಮೇಡಂ ಅವನ್ನು ಉಣ್ಣೆ ಶಾಲಿನಲ್ಲಿ ಸುತ್ತಿ, ನಡುನಡುವೆ ನುಸಿಗುಳಿಗೆ ಇಟ್ಟು ಟ್ರಂಕಿಗೆ ಸೇರಿಸಿದರು. ಗುಳಿಗೆಯ ಪುಡಿ ಬಿಲ್ಲೆಗಳಿಗೆ ಅಂಟಿತು, ಸಾಲದೆಂಬಂತೆ ಬೂಷ್ಟೂ ಹಿಡಿಯಿತು. ಈಗ ಎಂಬತ್ತೆರಡರ ಮೇಡಂ ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ: "ಶಾಲಿಗೆ ಮಾತ್ರ ಏನೂ ಆಗಿಲ್ಲಪ್ಪ!"

ರಿಪೇರಿ ಅಂಗಡಿಯವರು 'ಕಸಕ್ಕೆ ಹಾಕಿ' ಎಂದದ್ದನ್ನು ಅಕ್ಕ ಟ್ರಂಕ್ ಸಮೇತ ಇಲ್ಲಿಗೆ ತಂದರು. ಹೊಲಿಗೆ ಬಿಚ್ಚಿ ಪಳಗಿದ ಕೈಗೆ ಇದೇನು ಮಹಾ? ಮೂರು ಖಾಲಿ ಫ್ಲಾಪಿಗಳನ್ನು ಹಾಳುಮಾಡಿ ಕೆಲಸ ಕಲಿತರು. ತೊಳೆದು ಒಣಗಿಸಿದ ಬಿಲ್ಲೆಗೆ ಹೊಸ ಫ್ಲಾಪಿಯ ಹೊದಿಕೆ, ಅಕ್ಕನ ಮಾತಲ್ಲಿ 'ಅಂಗಿ', ತೊಡಿಸಿ ಹಳೆಯ ಕಂಪ್ಯೂಟರಿಗೆ ತೂರಿಸುತ್ತಾರೆ. ಅದು ಓದಿದ್ದನ್ನು ತಂತಿಯ ಮೂಲಕ ಹೊಸ ಯಂತ್ರಕ್ಕೆ ದಾಟಿಸುತ್ತಾರೆ. ಒಂದಕ್ಕೆ ಒಂದು ಗಂಟೆ, ದಿನಾ ಬೆಳಿಗ್ಗೆ ಎರಡು. ಆಮೇಲೆ ಮತ್ತೆ ಸೂಜಿ ದಾರ. ಈ ವಾರ ಎಂಟು ಸೈನಿಕರು ಇನ್ನೂ ಬರಿಮೈಯಲ್ಲಿದ್ದಾರೆ.

ಅರವತ್ತಮೂರು ಮುಗಿದಿವೆ. ಇಂದಿನದು ಕೊನೆಯದು. ಆದರೆ ಅದರ ಮೇಲಿರುವ ಸಂಖ್ಯೆ ನಲವತ್ತಮೂರು. ಯಾಕೆಂದು ಕೇಳಿದರೆ ಅಕ್ಕ ಹೇಳುತ್ತಾರೆ: "ಇದ್ರಲ್ಲಿ ನಮ್ಮಮ್ಮ ಇದಾಳೆ."

ಐದು ಮನೆಯ ಪಾತ್ರೆ ತೊಳೆದು ಇವರನ್ನು ಸಾಕಿದ ಅಮ್ಮ ತೀರಿಕೊಂಡು ಇಪ್ಪತ್ತು ವರ್ಷ. ಉಳಿದಿರುವುದು ಒಂದು ಮಸುಕು ಫೋಟೊ. ಟ್ರಂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದ ಫ್ಲಾಪಿಯೂ ಇದೇ. "ಓದೋ ಡ್ರೈವ್ ಇರೋದು ಒಂದೇ. ಮೊದ್ಲೇ ಇದನ್ನ ಹಾಕಿ ಅದು ಕೈಕೊಟ್ಟಿದ್ರೆ, ಬೇರೆಯವರ ಅಮ್ಮಂದಿರೆಲ್ಲ ಒಳಗೇ ಉಳ್ಕೊಂಬಿಡ್ತಿದ್ರು. ನಮ್ಮಮ್ಮ ಕಾಯ್ತಾಳೆ ಬಿಡಿ, ಅವಳಿಗೆ ಕಾದು ಅಭ್ಯಾಸ." ಒಣಗಿದ ಬಿಲ್ಲೆಗೆ ಹೊಸ ಅಂಗಿ ತೊಡಿಸಿ ಡ್ರೈವಿಗೆ ತೂರಿಸುತ್ತಾರೆ.

ಡ್ರೈವ್ ಕರಕರ ಎಂದು ನಿಂತುಬಿಡುತ್ತದೆ. ಅಕ್ಕ ಫ್ಲಾಪಿಯನ್ನು ತೆಗೆದು, ಬಿಲ್ಲೆಯನ್ನು ಇನ್ನೊಮ್ಮೆ ಒರೆಸಿ ಹಾಕುತ್ತಾರೆ. ಮತ್ತೆ ಅದೇ ಕರಕರ. ಮೂರನೇ ಸಲಕ್ಕೆ ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲುಗಟ್ಟುತ್ತವೆ. ಅಮ್ಮನ ಮಾತಿನ ಕೊನೆಯ ಎರಡು ಸಾಲು ಹಾಳಾಗಿವೆ, ಮಿಕ್ಕಿದ್ದೆಲ್ಲ ಬಂದಿದೆ. ಅಕ್ಕ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದುತ್ತಾರೆ:

"ನನ್ನ ಮಗಳು ಹೊಲಿಗೆ ಕಲ್ತಿದಾಳೆ ಮೇಡಂ, ನಿಮ್ಮ ಕಾಲೇಜಲ್ಲೇ ಇದಾಳಲ್ಲ. ತೊಳೆಯೋ ಕೆಲಸ ನನ್ನ ಕೈಗೇ ಮುಗೀತು. ಅವಳು ಯಾರ ಕೊಳೇನೂ ತೊಳೆಯಲ್ಲ."

ಅಕ್ಕ ಸೋಪುನೀರಿನ ಬೋಗುಣಿಯತ್ತ ನೋಡುತ್ತಾರೆ. ನಗು ಬರುತ್ತದೆ, ಜೊತೆಗೆ ಅಳುವೂ. ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಗೇ ಹೇಳುತ್ತಾರೆ:

"ಬೈಬೇಡಮ್ಮ. ತೊಳೆದಿದ್ದಕ್ಕೇ ಅಲ್ವಾ, ಮುನ್ನೂರ ಹನ್ನೆರಡು ಜನಾನೂ ಈಚೆ ಬಂದಿರೋದು?"