ದುರುಗಮ್ಮನ ಒಲೆಯ ಕೆಂಡ

ದೇವದುರ್ಗದ ಮೇಲಿನ ಓಣಿಯವರಿಗೆ ದುರುಗಮ್ಮನ ನೆರಳೂ ಮೈಲಿಗೆ. ಆದರೆ ಹೋಳಿಯ ನಸುಕಿನಲ್ಲಿ ಕಾಮನನ್ನು ಸುಡಲು ಬೆಂಕಿ ಮಾತ್ರ ಊರಾಚೆಯ ಕೇರಿಯ ಅವಳ ಒಲೆಯದೇ ಬೇಕು. ಸುಟ್ಟ ಕಾಮನ ಕೆಂಡದಿಂದಲೇ ಮನೆಮನೆಯ ಒಲೆ ಹೊತ್ತಬೇಕು. ಎಂಥ ವಿಚಿತ್ರ ಮಡಿಯೋ! ಅವರು ಅಂಗಳದಲ್ಲಿ ನಿಂತು ಒಡೆದ ಗಡಿಗೆಯ ಬೋಕಿ ಚಾಚುವರು, ಇವಳು ಮುಟ್ಟದಂತೆ ಮೇಲಿನಿಂದ ಕೆಂಡ ಹಾಕುವಳು.

ಗಂಡ ತಾಯಣ್ಣ ತೀರಿದ ಮೇಲೂ, ಬೆಂಕಿಯನ್ನು ಪಕ್ಕದ ಗುಡಿಸಲಿಗೆ ಒಪ್ಪಿಸಿ ಮಾನ್ವಿ ಕಡೆ ಕೂಲಿಗೆ ಹೋದಾಗಲೂ, ಹುಣ್ಣಿಮೆಗೆ ತಪ್ಪದೆ ಬಂದು ಒಲೆ ಕಾಯ್ದವಳು ಅವಳು. ಸಾವಿರದ ಒಂಬೈನೂರ ನಲವತ್ತೈದರ ಹೋಳಿಯ ನಸುಕಿನಲ್ಲಿ ಮಾತ್ರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೂದಿ ಕೆದರಿ ನೋಡುವಳು, ಬಾಗಿಲಿಗೆ ಬರುವಳು, ಮತ್ತೆ ಒಳಗೆ ಹೋಗುವಳು. ಅಂಗಡಿಯ ಶಂಭುಲಿಂಗಪ್ಪ ರಾಯಚೂರಿನಿಂದ ಕಡ್ಡಿಪೆಟ್ಟಿಗೆ ತರಿಸಿದ್ದಾನೆ, ಇನ್ನು ಕೇರಿಯ ಹಂಗಿಲ್ಲ ಎಂದಿದ್ದಾನೆ ಎಂಬ ಸುದ್ದಿ ಸಂತೆಯಲ್ಲಿ ಕಿವಿಗೆ ಬಿದ್ದಿತ್ತು. ವರ್ಷಕ್ಕೊಮ್ಮೆ ಊರು ತನ್ನ ಬಾಗಿಲಿಗೆ ಬರುವ ಆ ಗಳಿಗೆಯೂ ಹೋದರೆ? ಅಂಗಳ ದಾಟದವರಿಗಾಗಿ ಹೀಗೆ ಬೇಯುವ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಬೆಳಕು ಹರಿಯುವಾಗ ಮೇಲಿನ ಓಣಿಯಲ್ಲಿ ಹೊಗೆ ಎದ್ದಿತು. ಕೇರಿಗೆ ಯಾರೂ ಬಂದಿರಲಿಲ್ಲ.

ಆಮೇಲೆ ಬಂದವಳು ಶಂಭುಲಿಂಗಪ್ಪನ ತಾಯಿ ಅಂಬಮ್ಮ. ಒಬ್ಬಳೇ, ಸೆರಗಿನಲ್ಲಿ ಬೋಕಿ ಮರೆಮಾಡಿಕೊಂಡು.

“ದುರುಗೀ, ನನ್ನ ಮಗ ಕಡ್ಡಿ ಗೀರಿ ಕಾಮನ್ನ ಸುಟ್ಟಾನ. ಆ ಬೆಂಕೀಲೆ ಒಲಿ ಹಚ್ಚಾಕ ನನ್ನ ಜೀವ ಒಪ್ಪವಲ್ದು. ಒಂದೀಟು ಕೆಂಡ ಹಾಕು ಬೇ.”

ದುರುಗಮ್ಮನಿಗೆ ಎದೆ ತುಂಬಿ ಬಂತು. ಒಲೆಯ ಕಡೆ ಹೊರಟವಳು ಯಾಕೋ ನಿಂತಳು.

“ಕೊಡ್ತೀನ್ರೀ ಯವ್ವಾ. ಒಳಗ ಬಂದು ತಗೋರಿ.”

“ಒಳಗ?”

“ಒಲಿ ಒಳಗ ಅದರೀ.”

ಅಂಬಮ್ಮ ಒಂದು ಕಾಲನ್ನು ಹೊಸ್ತಿಲ ತನಕ ತಂದಳು. ಓಣಿಯ ಕಡೆ ತಿರುಗಿ ನೋಡಿದಳು. ಕಾಲು ಹಿಂದಕ್ಕೆ ಹೋಯಿತು. ಬರಿ ಬೋಕಿ ಹಿಡಿದು ಹೊರಟೇಹೋದಳು.

ದುರುಗಮ್ಮ ಕೊಡ ಎತ್ತಿ ಒಲೆಗೆ ನೀರು ಸುರಿದಳು. ಅತ್ತೆಯ ಕಾಲದಿಂದ ಕಾಯ್ದ ಬೆಂಕಿ ಚೊಂಯ್ ಎಂದಿತು. ಅಳುವೂ ಬಂತು, ಜೀವ ಹಗುರವೂ ಆಯಿತು.

ಆದರೆ ರೊಟ್ಟಿ ಸುಡಬೇಕಲ್ಲ. ಬೋಕಿ ಹಿಡಿದು ಪಕ್ಕದ ಗುಡಿಸಲಿನ ಸೂಗಮ್ಮನಲ್ಲಿಗೆ ಹೋದಳು.

“ನಿನ್ನ ಒಲಿ ಆರ್ಯದೇನು?” ಸೂಗಮ್ಮ ಗಾಬರಿಯಾದಳು.

“ನಾನ ಆರ್ಸೀನಿ. ಒಂದು ಕೆಂಡ ಕೊಡು ಬೇ.”

“ಅಲ್ಲೇ ಅದ, ತಗೋ.”

ದುರುಗಮ್ಮ ಬಗ್ಗಿ ಒಳಗೆ ಹೋಗಿ, ಒಲೆಯ ಮುಂದೆ ಕೂತು ಕೆಂಡ ತೆಗೆದುಕೊಂಡಳು.