ಹೆರಿಯಣ್ಣ ಶೆಟ್ರು ಮತ್ತು ಒಂದು ಸಾಲಿನ ತಿದ್ದುಪಡಿ

ನನ್ನ ಟೈಪಿಂಗ್ ಅಂಗಡಿಗೆ ಬರುವವರೆಲ್ಲ ಬೆಂಚಿನ ಮೇಲೆ ಕುಳಿತು ಅರ್ಜಿ ಬರೆಸುತ್ತಿದ್ದರು. ನಿಂತು ಹೇಳುತ್ತಿದ್ದವರು ಹೆರಿಯಣ್ಣ ಶೆಟ್ರೊಬ್ಬರೇ. ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಎರಡೂ ಕೈಗಳನ್ನು ಪಂಚೆಯ ಬದಿಗೆ ಅಂಟಿಸಿ, ಎದುರು ಗೋಡೆಯ ಕ್ಯಾಲೆಂಡರೇ ಸಾಹೇಬರು ಎಂಬಂತೆ ಅದಕ್ಕೆ ವರದಿ ಒಪ್ಪಿಸುತ್ತಿದ್ದರು. ಬಲಗಾಲು ಹೇಳಿದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಎಡಗಾಲು ಮಾತ್ರ ಮಾತು ಕೇಳದೆ ಸ್ವಲ್ಪ ಹೊರಕ್ಕೆ ತಿರುಗಿಕೊಂಡಿರುತ್ತಿತ್ತು. ಕುಳಿತುಕೊಳ್ಳಿ ಎಂದು ನಾನು ಎಷ್ಟು ಸಲ ಹೇಳಿದರೂ ಅವರದ್ದು ಒಂದೇ ಉತ್ತರ.

"ಇದ್ ದೊಡ್ಡೋರಿಗೆ ಹೋಪು ಕಾಗ್ದ ಅಲ್ದಾ ತಂಗಿ. ಕೂಕಂಡ್ ಹೇಳ್ರೆ ಮರ್ಯಾದಿ ಆತಿಲ್ಲೆ."

ಅವರು ಮೊದಲು ಬಂದದ್ದು ತೊಂಬತ್ತೇಳರಲ್ಲಿ. ಆಗಷ್ಟೇ ಉಡುಪಿ ಬೇರೆ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯಲ್ಲಾದರೂ ತಮ್ಮ ಕೆಲಸ ಆದೀತು ಎಂದು ಬಹಳ ಜನ ಹಳೆಯ ಕಾಗದಗಳ ಧೂಳು ಕೊಡವಿಕೊಂಡು ಕುಂದಾಪುರಕ್ಕೆ ಬರುತ್ತಿದ್ದ ಕಾಲ. ಶೆಟ್ರು ಶಂಕರನಾರಾಯಣದ ಬಸ್ಸಿನಿಂದ ಇಳಿದು, ಪ್ಲಾಸ್ಟಿಕ್ ಚೀಲದೊಳಗೊಂದು ಬಟ್ಟೆಯ ಚೀಲ, ಅದರೊಳಗೊಂದು ಮಿಲ್ಟ್ರಿಯ ಡಿಸ್ಚಾರ್ಜ್ ಪುಸ್ತಕ ಹಿಡಿದು ಬಂದರು. ಅವರಿಗೆ ಬೇಕಾದದ್ದು ಒಂದು ಸಾಲಿನ ತಿದ್ದುಪಡಿ. ಎಪ್ಪತ್ತೊಂದರ ಯುದ್ಧದಲ್ಲಿ ಅವರ ಎಡಗಾಲಿಗಾದ ಗಾಯದ ಬಗ್ಗೆ ದಾಖಲೆಯಲ್ಲಿ, ಬಿಸಿ ದಾಲ್ ಚೆಲ್ಲಿ ಸುಟ್ಟದ್ದು, ಆಕಸ್ಮಿಕ, ಎಂದು ಬರೆದಿತ್ತು. ಅದು ಶತ್ರುವಿನ ಶೆಲ್ಲಿನಿಂದಾದ ಗಾಯ ಎಂದಾಗಬೇಕು. ಹಾಗೆ ಆದರೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ ಅವರಿಗೆ ಸಲ್ಲಬೇಕು. ಆಗದಿದ್ದರೆ, ಸರ್ಕಾರದ ಲೆಕ್ಕದಲ್ಲಿ ಅವರು ಅಡುಗೆಮನೆಯಲ್ಲಿ ಕಾಲು ಸುಟ್ಟುಕೊಂಡವರು, ಅಷ್ಟೆ.

ಶೆಟ್ರು ಪಲ್ಟನ್ನಿನಲ್ಲಿ ಅಡುಗೆಯವರಾಗಿದ್ದರು. ಅದಕ್ಕೂ ಮುಂಚೆ ನಮ್ಮೂರಿನ ಎಷ್ಟೋ ಜನರ ಹಾಗೆ ಬೊಂಬಾಯಿಯ ಹೋಟ್ಲಿನಲ್ಲಿದ್ದವರು. ಆ ಹೋಟ್ಲಿನ ಕಟ್ಟುನಿಟ್ಟನ್ನು ಅವರು ಮಿಲ್ಟ್ರಿಯ ಕಟ್ಟುನಿಟ್ಟಿಗಿಂತ ಹೆಚ್ಚು ಭಕ್ತಿಯಿಂದ ನೆನೆಯುತ್ತಿದ್ದರು. ಕೈಯಿಂದ ಏನು ಬಿದ್ದರೂ ಧಣಿ ಕೇಳುವುದಕ್ಕೆ ಮುಂಚೆ ತಾನೇ ಹೋಗಿ ಹೇಳಬೇಕು. ಯಾರು ದೂಡಿದರು, ನೆಲ ಜಾರುತ್ತಿತ್ತೇ, ಅದೆಲ್ಲ ಆಮೇಲೆ. ಮೊದಲು, ನನ್ನ ಕೈಯಿಂದ ಚೆಲ್ಲಿತು ಎನ್ನಬೇಕು. ಅಲ್ಲಿಂದ ಮಿಲ್ಟ್ರಿಗೆ ಸೇರಿದ ಮೇಲೆ, ಊರು ಕೇಳಿದ ಕೂಡಲೇ ಸಾಹೇಬರು ಇವರ ಕೈಗೆ ಸೌಟು ಕೊಟ್ಟರಂತೆ.

ಪಶ್ಚಿಮದ ಗಡಿಯಲ್ಲಿ, ಡಿಸೆಂಬರ್ ಚಳಿಯ ಒಂದು ಬೆಳಿಗ್ಗೆ, ಮುಂದಿನ ಕಂದಕದಲ್ಲಿದ್ದವರಿಗೆ ಊಟ ಒಯ್ಯಬೇಕಾಗಿತ್ತು. ಬೆನ್ನಿಗೆ ದಾಲಿನ ದೊಡ್ಡ ಡಬ್ಬಿ, ಎದೆಗೆ ರೊಟ್ಟಿಯ ಗಂಟು. ಅರ್ಧ ದಾರಿಯಲ್ಲಿ ಹತ್ತಿರವೇ ಶೆಲ್ ಬಿತ್ತು. ಎದ್ದು ನೋಡುವಾಗ ಡಬ್ಬಿ ಸೀಳಿಹೋಗಿ ಕುದಿಯುವ ದಾಲ್ ಎಡಗಾಲಿನ ಮೇಲೆಲ್ಲ. ರೊಟ್ಟಿಯ ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತೆವಳಿ ಹೋಗಿ ತಲುಪಿಸಿದರು. ಇದನ್ನು ಹೇಳುವಾಗಲೂ ಅವರಿಗೆ ಬೇಸರ ಶೆಲ್ಲಿನದ್ದಲ್ಲ. ಆ ಚಳಿಯಲ್ಲಿ ಅಷ್ಟು ಜನ ಬರೀ ರೊಟ್ಟಿ ತಿನ್ನಬೇಕಾಯಿತಲ್ಲ ಎಂಬುದು.

ಊರಿನವರಿಗೆ ತಲುಪಿದ ಸುದ್ದಿ ಮಾತ್ರ ದಾಖಲೆಯ ಸುದ್ದಿಯೇ. ಅವರ ಹೆಂಡತಿ ಜಲಜಕ್ಕನ ತಮ್ಮನಿಗೆ ಬ್ರಹ್ಮಾವರದಲ್ಲಿ ಸಣ್ಣ ಹೋಟ್ಲು. ನಾಲಗೆ ಬಹಳ ಹರಿತ. ಮದುವೆಮನೆಯ ಪಂಕ್ತಿಯಲ್ಲಿ ಶೆಟ್ರು ಸಾರಿನ ಬಕೆಟ್ಟಿಗೆ ಕೈ ಹಾಕಿದರೆ ಸಾಕು, ನಾಲ್ಕು ಸಾಲಿಗೆ ಕೇಳುವ ಹಾಗೆ ಹೇಳುತ್ತಿದ್ದ: "ಬಾವ, ಅದ್ ಇಲ್ ಕೊಡಿ. ಒಂದ್ ಕಾಲಾದ್ರೂ ಉಳೀಲಿ." ಎಲೆಯ ಮುಂದೆ ಕುಳಿತವರೆಲ್ಲ ನಗುತ್ತಿದ್ದರು. ಶೆಟ್ರೂ ನಗುತ್ತಿದ್ದರು. ಬಕೆಟ್ಟನ್ನು ಕೊಟ್ಟು, ಉಪ್ಪು ಬಡಿಸಲು ಹೋಗುತ್ತಿದ್ದರು. ಇದನ್ನು ನನಗೆ ಹೇಳಿದ್ದು ಜಲಜಕ್ಕ. ಶೆಟ್ರು ತಾವಾಗಿ ಎಂದೂ ಹೇಳಲಿಲ್ಲ.

ಅರ್ಜಿಗಳು ಹೋದವು. ವರ್ಷಕ್ಕೊಂದು, ಕೆಲವು ವರ್ಷ ಎರಡು. ಉತ್ತರ ಬಂದಾಗಲೆಲ್ಲ ಒಂದೇ ಉತ್ತರ: ದಾಖಲೆಗಳನ್ನು ಪರಿಶೀಲಿಸಲಾಗಿದೆ, ಗಾಯವು ಆಕಸ್ಮಿಕವೆಂದು ನಮೂದಾಗಿದೆ, ಬದಲಾವಣೆಗೆ ಅವಕಾಶವಿಲ್ಲ. ಕೆಳಗಿನ ಸಹಿ ಮಾತ್ರ ಬದಲಾಗುತ್ತಿತ್ತು. ಅಂಗಡಿಗೆ ಕಂಪ್ಯೂಟರ್ ಬಂದ ಮೇಲೆ ನನಗೂ ಸುಲಭವಾಯಿತು. ಹಳೆಯ ಅರ್ಜಿ ತೆರೆದು ತಾರೀಕು ಬದಲಿಸಿದರೆ ಮುಗಿಯಿತು. ಆದರೆ ಶೆಟ್ರು ಬಿಡುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಬೇಕು, ನಾನು ಮತ್ತೆ ಬಡಿಯಬೇಕು. ಹಳಸಿದ್ದನ್ನು ಬಿಸಿ ಮಾಡಿ ಕೊಡುವುದು ಅವರಿಗೆ ಆಗದು.

ಅರ್ಜಿಯನ್ನು ಅವರು ನೋಡುತ್ತಿದ್ದದ್ದೇ ಪಾತ್ರೆಯ ಮುಚ್ಚಳ ತೆಗೆದು ನೋಡುವ ಹಾಗೆ. ನಾನು ಸ್ವಲ್ಪ ರಂಗು ಹಾಕಿ, ಪ್ರಾಣದ ಹಂಗು ತೊರೆದು ಎಂದೋ, ದೇಶಕ್ಕಾಗಿ ರಕ್ತ ಸುರಿಸಿದ ಎಂದೋ ಸೇರಿಸಿದರೆ, ಓದಿಸಿಕೊಂಡು, ಮುಖ ಸಣ್ಣದು ಮಾಡಿ, "ಉಪ್ಪ್ ಹೆಚ್ಚಾಯ್ತ್ ತಂಗಿ" ಎನ್ನುತ್ತಿದ್ದರು. ತೆಗೆಯಬೇಕಿತ್ತು. ತೆಗೆದು ತೆಗೆದು ಅರ್ಜಿ ಅರ್ಧ ಪುಟಕ್ಕಿಳಿಯುತ್ತಿತ್ತು. ಅರ್ಧ ಪುಟದ ಅರ್ಜಿಯನ್ನು ಯಾರು ಓದುತ್ತಾರೆ ಶೆಟ್ರೆ ಎಂದು ನಾನು ರೇಗುತ್ತಿದ್ದೆ.

ಆ ವರ್ಷಗಳಲ್ಲೆಲ್ಲ ಅವರ ಸಿಟ್ಟು ಒಬ್ಬ ಗುಮಾಸ್ತನ ಮೇಲಿತ್ತು. ಮಿಲ್ಟ್ರಿ ಆಸ್ಪತ್ರೆಯಲ್ಲಿ ಹಾಸಿಗೆಯ ಹತ್ತಿರ ಬಂದು ಬರೆದುಕೊಂಡು ಹೋದ ಯಾವನೋ ಒಬ್ಬ. ಅವನೇ ಶೆಲ್ಲನ್ನು ಬಿಟ್ಟು ದಾಲನ್ನು ಬರೆದದ್ದು. ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ಆದರೂ ಬಸ್ಸು ಕಾಯುವಾಗ ಅವನಿಗೆ ಒಂದಿಷ್ಟು ಬೈದೇ ಹೋಗುತ್ತಿದ್ದರು.

ಮಾಹಿತಿ ಹಕ್ಕಿನ ಕಾಯ್ದೆ ಬಂದ ಮೇಲೆ ನಾನೇ ಹುರುಪಿನಿಂದ ಒಂದು ಅರ್ಜಿ ಹಾಕಿಸಿದೆ: ಆ ಆಸ್ಪತ್ರೆಯ ಕಾಗದದ ನಕಲು ಕೊಡಿ ಎಂದು. ತಿಂಗಳುಗಳಾದ ಮೇಲೆ ನಕಲು ಬಂತು. ಮಾಸಿದ ಒಂದು ಹಾಳೆ. ಮೇಲೆ ಹಿಂದಿಯಲ್ಲಿ ಎರಡು ಸಾಲು, ಕೆಳಗೆ ಕನ್ನಡದಲ್ಲಿ ಸಹಿ: ಹೆರಿಯಣ್ಣ ಶೆಟ್ಟಿ. ನನ್ನ ಶಾಲೆಯ ಹಿಂದಿ ಅಷ್ಟಕ್ಕೆ ಸಾಕಾಗಿತ್ತು. ಸಾಹೇಬರೇ, ನನ್ನ ಕೈಯಿಂದ ದಾಲ್ ಚೆಲ್ಲಿಹೋಯಿತು. ಬಿಸಿಯಿತ್ತು, ಕಾಲು ಸುಟ್ಟಿತು. ಅಷ್ಟೇ ಇದ್ದದ್ದು.

ನಾನು ಓದಿ ಹೇಳಿದೆ. ಅವರು ಹಾಳೆಯನ್ನು ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹೋಗಿ ತುಂಬ ಹೊತ್ತು ನಿಂತರು. ಹಿಂದಿರುಗಿ ಬಂದು, ನಾನು ಕಂಡ ಹಾಗೆ ಮೊದಲ ಸಲ, ಬೆಂಚಿನ ಮೇಲೆ ಕುಳಿತರು.

"ಅಂವ ಬರ್ದದ್ ಅಲ್ಲ. ನಾನೇ ಹೇಳದ್."

ಶೆಲ್ಲಿನ ವಿಷಯ ಯಾಕೆ ಹೇಳಲಿಲ್ಲ ಎಂದೆ. ನನ್ನ ಧ್ವನಿ ಏರಿತ್ತು. ಹತ್ತು ವರ್ಷ ನಾನು ಬಡಿದ ಅಕ್ಷರಗಳೆಲ್ಲ ಕಣ್ಣೆದುರು ಬಂದಿದ್ದವು.

"ಶೆಲ್ ಬಿದ್ದದ್ ಎಲ್ಲರಿಗೂ ಗೊತ್ತಿತ್ತಲೆ," ಎಂದರು, ನನಗೆ ಸಮಾಧಾನ ಹೇಳುವವರಂತೆ. "ದಾಲ್ ಹೋದ್ದ್ ಯಾರಿಗ್ ಗೊತ್ತಿತ್ತ್? ಅದ್ನ ನಾನೇ ಹೇಳ್ಕಲ್ದಾ."

ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ ಎಂದುಕೊಂಡೆ. ನಿಜ ಹೇಳುವುದಾದರೆ, ನಿಲ್ಲಿಸಲಿ ಎಂದೂ ಅನಿಸಿತು. ಎರಡು ವರ್ಷ ಬರಲೂ ಇಲ್ಲ. ಮತ್ತೆ ಬಂದದ್ದು ಕಂಕುಳಲ್ಲಿ ಒಂದು ಎಕ್ಸ್‌ರೇ ಹಾಳೆಯೊಂದಿಗೆ. ಮಂಡಿನೋವೆಂದು ತೋರಿಸಲು ಹೋದಾಗ, ಮೀನಖಂಡದೊಳಗೆ ಕಡಲೆಕಾಳಿನಷ್ಟು ಕಬ್ಬಿಣದ ಚೂರು ಕಂಡಿತ್ತು. ಇದೆಲ್ಲಿಂದ ಬಂತು ಎಂದು ಡಾಕ್ಟರು ಕೇಳಿದರಂತೆ. ಮೂವತ್ತೆಂಟು ವರ್ಷ ಸುಟ್ಟ ಚರ್ಮದ ಕೆಳಗೆ ಅದು ಯಾರಿಗೂ ಹೇಳದೆ ಕುಳಿತಿತ್ತು. ಶೆಟ್ರು ಆ ಹಾಳೆಯನ್ನು ನನ್ನ ಕಿಟಕಿಗೆ ಒತ್ತಿ ಹಿಡಿದು, ಬೆರಳಿಟ್ಟು ತೋರಿಸಿ, "ಕಾಣ್, ಇದ್ ದಾಲಿನ ಬೇಳೆ ಅಲ್ಲ" ಎಂದರು.

ಡಾಕ್ಟರ ಪತ್ರದೊಂದಿಗೆ ಎಕ್ಸ್‌ರೇ ಹೋಯಿತು. ಈ ಸಲ ಉತ್ತರವೂ ಬೇರೆಯೇ ಬಂತು. ಪ್ರಕರಣ ಪರಿಶೀಲನೆಗೆ ಯೋಗ್ಯವಾಗಿದೆ. ಆದರೆ ಅರ್ಜಿದಾರರು ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆ ಸುಳ್ಳೆಂದು ಪ್ರಮಾಣಪತ್ರ ಸಲ್ಲಿಸಬೇಕು. ನಾನು ಕುಣಿದಾಡಿದೆ. ಒಂದು ಛಾಪಾ ಕಾಗದ, ನೋಟರಿಯ ಒಂದು ಮುದ್ರೆ, ಮುಗಿಯಿತು. ಟೈಪ್ ಮಾಡಿ ಮುಂದಿಟ್ಟೆ. ಅವರು ಓದಿಸಿಕೊಂಡು ಕಾಗದವನ್ನು ನನ್ನ ಕಡೆಗೇ ದೂಡಿದರು.

"ನಾ ಸುಳ್ಳ್ ಹೇಳ್ಲಿಲ್ಲೆ. ದಾಲ್ ಚೆಲ್ಲದ್ ಹೌದ್."

ನಾನು ಹೇಳಿ ನೋಡಿದೆ. ಇದು ಬರೀ ಕಾಗದದ ಮಾತು, ಅವರ ನಮೂನೆಯೇ ಹಾಗೆ, ಯಾರೂ ನಿಮ್ಮನ್ನು ಸುಳ್ಳುಗಾರರೆಂದು ತಿಳಿಯುವುದಿಲ್ಲ ಎಂದೆಲ್ಲ. ಅಲುಗಲಿಲ್ಲ. ಮರುವಾರ ಜಲಜಕ್ಕ ಒಬ್ಬರೇ ಬಂದರು. ಮೀನು ಮಾರ್ಕೆಟ್ಟಿಗೆ ಬಂದವರು ಹಾಗೇ ಹೊಕ್ಕ ಹಾಗೆ ನಟಿಸಿ, ಬೆಂಚಿನ ತುದಿಯಲ್ಲಿ ಕುಳಿತರು. ಅವರಿಗೆ ಪದಕ ಬೇಡವಾಗಿತ್ತು. ಶೆಟ್ರು ಬಸ್ಸು ಹತ್ತಿ ಇಳಿದು ಬಂದು ಆ ಕಾಲು ಊದಿಸಿಕೊಂಡು ಮಲಗುವುದನ್ನು ನೋಡಿ ಸಾಕಾಗಿತ್ತು.

"ಹೆಣೆ ತಂಗಿ, ನೀನಾದ್ರೂ ಹೇಳ್," ಎಂದರು. "ನಾ ಹೇಳ್ರೆ ಗ್ವಾಡಿ ಬದಿಗ್ ತಿರ್ಗಿ ಮಲ್ಕಂತ್ರ್. ನಾಕ್ ಜನ ನೆಗ್ಯಾಡದ್ದ್ ನಿಲ್ಲುಕ್ ಬೇಕಾರೂ ಸೈನ್ ಹಾಕ್ಲಕ್ ಅಲ್ದಾ."

ಕೊನೆಗೆ ನಾನೇ ಬೇರೆ ದಾರಿ ಹುಡುಕಿದೆ. ಹಿಂದಿನ ಹೇಳಿಕೆ ನಿಜ, ಆದರೆ ಪೂರ್ತಿಯಲ್ಲ. ದಾಲ್ ಚೆಲ್ಲಿದ್ದನ್ನು ಹೇಳಿದ್ದೆ, ಚೆಲ್ಲಿಸಿದ್ದು ಶೆಲ್ ಎಂಬುದನ್ನು ಹೇಳಿರಲಿಲ್ಲ ಎಂದು ಬರೆದೆ. ಮೂರು ಸಲ ತಿದ್ದಿಸಿದರು. ನಾಲ್ಕನೆಯದಕ್ಕೆ ತಲೆಯಾಡಿಸಿದರು. ನೋಟರಿ ಓದಿ, ಇಂಥ ಪ್ರಮಾಣಪತ್ರವನ್ನು ತಾನು ಎಲ್ಲೂ ಕಂಡಿಲ್ಲ ಎಂದರು. ಕಳಿಸಿದೆವು. ಮತ್ತೆ ಎರಡೂವರೆ ವರ್ಷ.

ಅಷ್ಟರಲ್ಲಿ ಶೆಟ್ರಿಗೆ ಉಸಿರಿನ ತೊಂದರೆ ಹೆಚ್ಚಾಗಿ, ಆಸ್ಪತ್ರೆಗೆ ಹತ್ತಿರವೆಂದು ಹೆಮ್ಮಾಡಿಯ ಮಗಳ ಮನೆಗೆ ಕರೆತಂದಿದ್ದರು. ಹೆದ್ದಾರಿಗೆ ತಾಗಿದ ಮನೆ. ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಕಾಗದ ಬಂದಿದೆ ಎಂದು ಮಗಳು ಫೋನು ಮಾಡಿದಳು. ಅಂಗಡಿಗೆ ಬೀಗ ಹಾಕಿ ಹೋದೆ. ಅದು ತಿದ್ದುಪಡಿಯ ಕರಡು. ಅರ್ಜಿದಾರರು ವಿವರ ಸರಿಯಿದೆಯೆಂದು ಸಹಿ ಹಾಕಿ ಕಳಿಸಿದರೆ ಅದೇ ಖಾಯಂ. ನಾನು ಇಂಗ್ಲಿಷಿನಲ್ಲಿ ಒಮ್ಮೆ ಓದಿಕೊಂಡು, ಕನ್ನಡದಲ್ಲಿ ನಿಧಾನವಾಗಿ ಹೇಳಿದೆ: ಮುಂಚೂಣಿಯ ನೆಲೆಯಲ್ಲಿ ಕರ್ತವ್ಯದಲ್ಲಿದ್ದಾಗ, ಶತ್ರುವಿನ ಶೆಲ್ ದಾಳಿಯಿಂದ ಎಡಗಾಲಿಗೆ ಚೂರು ಹೊಕ್ಕು ಆದ ಗಾಯ.

ಜಲಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಶೆಟ್ರು ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೊಂದ್ಸಲ ಓದ್."

ಓದಿದೆ.

"ಊಟ ತಕಂಡ್ ಹೋತಿದ್ದ ಅಂದೇಳಿ ಇತ್ತಾ?"

ಇಲ್ಲ ಎಂದೆ.

"ಅಡ್ಗಿಯವ ಅಂದೇಳಿ?"

ಅದೂ ಇರಲಿಲ್ಲ. ಆಕಸ್ಮಿಕವನ್ನು ತೆಗೆಯುವಾಗ ಅದರ ಜೊತೆ ದಾಲನ್ನೂ ಡಬ್ಬಿಯನ್ನೂ ಕಚೇರಿಯವರು ಗುಡಿಸಿಹಾಕಿದ್ದರು.

"ಇದ್ ಕೇಂಡ್ರೆ ನಾ ಬಂದೂಕ್ ಹಿಡ್ಕಂಡ್ ನಿಂತಿದ್ದವ್ನ ಹಾಂಗ್ ಆತ್ತಲೆ," ಎಂದರು.

"ಹ್ವಾಯ್, ಒಪ್ಕಣಿ," ಎಂದರು ಜಲಜಕ್ಕ. "ಸಾಕಾಯ್ತ್."

ಬೇಕಿದ್ದರೆ ಇನ್ನೊಮ್ಮೆ ಬರೆಯೋಣ, ಊಟ ಒಯ್ಯುತ್ತಿದ್ದಾಗ ಎಂದು ಎರಡು ಪದ ಸೇರಿಸಲು ಕೇಳೋಣ ಎಂದೆ. ಹೇಳುವಾಗಲೇ ನನ್ನ ಬೆರಳುಗಳು ಬೇಡವೆನ್ನುತ್ತಿದ್ದವು. ಅವರು ನನ್ನ ಮುಖವನ್ನೇ ನೋಡಿದರು. ಅದಕ್ಕೆ ಎಷ್ಟು ಸಮಯ ಬೇಕಾದೀತು ಎಂದು ಕೇಳಿದರು. ಎರಡು ವರ್ಷವಾದರೂ ಬೇಕು ಎಂದೆ. ಅವರೆದುರು ಕಡಿಮೆ ಮಾಡಿ ಹೇಳಲು ಬಾಯಿ ಬರಲಿಲ್ಲ.

"ಹಾಂಗಾರೆ ಪೆನ್ನ್ ಕೊಡ್."

ಮೊಮ್ಮಗಳ ಪರೀಕ್ಷೆಯ ಹಲಗೆಯನ್ನು ಎದೆಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಹೆಸರು ಬರೆದು ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ನಿಂತು ಹೊರಟಿತು. ಪೆನ್ನಿನ ಮುಚ್ಚಳ ಹಾಕಿ ಹಿಂದೆ ಕೊಟ್ಟು, ಹದಿನಾರು ವರ್ಷದಲ್ಲಿ ಒಮ್ಮೆಯೂ ಹೇಳದ ಒಂದು ಮಾತು ಹೇಳಿದರು: "ನಿಂಗೆ ಬಾಳ ತ್ರಾಸ್ ಕೊಟ್ಟೆ."

ನಾನು ನೋಡಿದ್ದು ಅದೇ ಕೊನೆ. ಮಳೆಗಾಲ ಹಿಡಿಯುವ ಮುಂಚೆ ಹೋದರು. ಪದಕ ಬಂದದ್ದು ಅವರು ಹೋಗಿ ಮುಕ್ಕಾಲು ವರ್ಷಕ್ಕೆ. ಜಲಜಕ್ಕ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಪದಕವನ್ನು ಹೊರಗೆ ತೆಗೆಯಲಿಲ್ಲ. ಜೊತೆಗಿದ್ದ ಕಾಗದವನ್ನು ಮಾತ್ರ ಕೊಟ್ಟು, ಓದಿ ಹೇಳು ಎಂದರು. ಅದೇ ಸಾಲು, ಈಗ ಮುದ್ರೆಯೊಂದಿಗೆ. ಅವರು ಅಡುಗೆ ಮಾಡುತ್ತಿದ್ದರು ಎಂದು ಎಲ್ಲಾದರೂ ಇದೆಯೇ ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. ನಾನು ಅಭ್ಯಾಸಬಲದಿಂದ ಕೀಬೋರ್ಡನ್ನು ಎದುರಿಗೆ ಎಳೆದುಕೊಂಡೆ. ಯಾರಿಗೆ ಬರೆಯಬೇಕು ಎಂದು ಕೇಳಿದೆ.

"ಯಾರಿಗೂ ಬ್ಯಾಡ," ಎಂದರು ಜಲಜಕ್ಕ. "ಅರ್ಜಿ ಅಲ್ಲ. ದಾಲ್ ತಕಂಡ್ ಹೋತಿದ್ರ್ ಅಂದೇಳಿ ಸುಮ್ನೆ ಬರ್ದಿಡ್."